ಗುಂಡಪ್ಪ ಎಂಬ ಹೆಸರು

ಬಸವನಗುಡಿಯ ಡಿ. ವಿ. ಜಿ. ರಸ್ತೆಯಲ್ಲಿ ನಿತ್ಯವೂ ನಡೆದಾಡುವವರಿಗೆ ಆ ಕೊನೆಯ ಅಕ್ಷರವು ಗುಂಡಪ್ಪ ಎಂಬುದರ ಸಂಕ್ಷೇಪವೆಂದು ಒಡನೆ ನೆನಪಾಗಲಾರದು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು (1887–1975) ಮೂರಕ್ಷರಗಳಿಂದಲೇ ಪ್ರಸಿದ್ಧರಾದರು. ಹೆಸರು ಹಿಂದೆ ಸರಿಯಿತು. ಈಗ ಮಕ್ಕಳಿಗೆ ಅದನ್ನಿಡುವವರು ವಿರಳ.

ಗುಂಡು ಎಂದರೆ ದುಂಡನೆಯದು. ಮೈತುಂಬಿದ ಕೂಸನ್ನು ಮುದ್ದಿನಿಂದ ಕರೆದ ಮಾತೇ ಹೆಸರಾಯಿತೆಂದು ಸಾಮಾನ್ಯವಾಗಿ ಊಹಿಸುವುದುಂಟು. ಪದನಿಷ್ಪತ್ತಿಯ ಮಟ್ಟಿಗೆ ಇದು ಒಪ್ಪತಕ್ಕದ್ದೇ. ಆದರೆ ಇದು ಬರಿಯ ಮನೆಮಾತಿನ ಹೆಸರೆಂದು ಬಗೆಯುವುದಕ್ಕೆ ಶಾಸನಗಳು ಎಡೆಗೊಡುವುದಿಲ್ಲ.

ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಮೂರು ಬಾರಿ ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇವಾಲಯವನ್ನು ಎತ್ತಿಸಿದಳಷ್ಟೆ. ಇಂದು ಅದು ವಿರೂಪಾಕ್ಷನ ಗುಡಿ. ಅದರ ಸೂತ್ರಧಾರಿಯ ಹೆಸರು ಗುಂಡ. ಅನಿವಾರಿತಾಚಾರಿ, ತ್ರಿಭುವನಾಚಾರಿ ಎಂಬ ಘನವಾದ ಬಿರುದುಗಳು ದೊರೆತ ಮೇಲೂ ಎರಡಕ್ಷರದ ಈ ದೇಸಿಯ ಹೆಸರನ್ನು ಕಲ್ಲಿನಲ್ಲಿ ಹಾಗೆಯೇ ಉಳಿಸಿದ್ದಾರೆ. ಸಂಸ್ಕೃತಕ್ಕೆ ತಿರುಗಿಸಬೇಕೆಂದು ಯಾರಿಗೂ ತೋರಿದಂತಿಲ್ಲ. ಶಿಲ್ಪಿಗೆ ಒಪ್ಪಿದ್ದು ಸೇನಾನಿಗೂ ಒಪ್ಪಿತು: ವಿಜಯನಗರದ ಇಮ್ಮಡಿ ಹರಿಹರನ ಆಳ್ವಿಕೆಯಲ್ಲಿ, 1397ರಲ್ಲಿ, ಬೇಲೂರಿನ ಸುಟ್ಟುಹೋಗಿದ್ದ ಗೋಪುರವನ್ನು ಮರಳಿ ಕಟ್ಟಿಸಿದವನು ಗುಂಡ ದಂಡನಾಥ.

ಇದೇ ಹೆಸರಿಗೆ ಗೌರವವಾಚಕಗಳು ಸೇರಿ ಗುಂಡಪ್ಪ, ಗುಂಡಯ್ಯ, ಗುಂಡೂರಾವ್ ಎಂಬ ರೂಪಗಳಾದುವು. 1980ರಿಂದ 1983ರವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಆರ್. ಗುಂಡೂರಾಯರ ಹೆಸರೂ ಈ ಬಳಗದ್ದೇ. ಬಳಿಕ ಗುಂಡನು ನಗೆಹನಿಗಳ ಪಾತ್ರವಾಗಿ ಉಳಿದನು. ಹಿಂದಿಯಿಂದ ಬಂದ ಗೂಂಡಾ ಶಬ್ದದ ದೀರ್ಘವನ್ನೂ ಗಮನಿಸದೆ ಅದರ ಮಸಿಯನ್ನು ಪಟ್ಟದಕಲ್ಲಿನ ಸೂತ್ರಧಾರಿಯ ಹೆಸರಿಗೆ ಬಳಿಯುವವರೂ ಇದ್ದಾರೆ.