ಇಲ್ಲದ ಮರಗಳ ಚರಿತ್ರೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬರ, ಬಿಳಿಜೋಳ ಮತ್ತು ಗುಳೆ. ಈ ಸೀಮೆಯ ಗಿಡಮರಗಳ ಪಟ್ಟಿ ಮಾಡಲು ಕುಳಿತರೆ ಬೇವು, ಜಾಲಿ, ಹುಣಸೆ, ಬಾರಿ, ಇಂಡಿಯ ನಿಂಬೆ ಇಷ್ಟರಲ್ಲಿಯೇ ಕೈ ನಿಲ್ಲುತ್ತದೆ. ಆದರೆ ಇದೇ ನೆಲದ ಜನ ಶತಮಾನಗಳಿಂದ ಎಲ್ಲಿಯೂ ಇಲ್ಲದ ಮರಗಳನ್ನೂ ಬೆಳೆಸುತ್ತ ಬಂದಿದ್ದಾರೆ. ಅವುಗಳ ಚರಿತ್ರೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇಂಡಿ ತಾಲೂಕಿನ ಭೀಮಾ ತೀರದ ಹಳ್ಳಿಯೊಂದು ನಮ್ಮ ತಾಯಿಯ ತವರು. ಅಲ್ಲಿ ರಾತ್ರಿ ಊಟವಾದ ಮೇಲೆ ನಾನಿ ದಖ್ಖನಿಯಲ್ಲಿ ಕಥೆ ಹೇಳುತ್ತಿದ್ದರು. ಆ ಕಥೆಯ ರಾಕ್ಷಸನಿಗೆ ಸಾವಿಲ್ಲ, ಅವನ ಜೀವ ದಾಳಿಂಬೆಯ ಗಿಡವೊಂದರಲ್ಲಿ ಅಡಗಿದೆ. "ನಾನೀ, ವೋ ಝಾಡ್ ಕಾಂ ಹೈ?" ಎಂದು ನಾವು ಕೇಳುತ್ತಿದ್ದೆವು. ಆ ಗಿಡ ಎಲ್ಲಿದೆ ಎಂಬ ಪ್ರಶ್ನೆಗೆ ಅವರ ಉತ್ತರ ಎಂದೂ ಬದಲಾಗಲಿಲ್ಲ: "ಭೀಮಾ ಕೆ ಉಸ್ ಪಾರ್." ಹೊಳೆಯ ಆಚೆ ದಡದಲ್ಲಿ ನಮಗೆ ಕಾಣುತ್ತಿದ್ದದ್ದು ಜಾಲಿಕಂಟಿ ಮಾತ್ರ. ಆದರೂ ದಾಳಿಂಬೆ ಅದರ ಹಿಂದೆಯೇ ಇದೆಯೆಂದು ನಾವು ನಂಬಿದ್ದೆವು.

ಮುಂದೆ ಉರ್ದು ಶಾಲೆಯಲ್ಲಿಯೂ ಕನ್ನಡ ಶಾಲೆಯಲ್ಲಿಯೂ ಓದಿ ಕಥೆ ಬರೆಯತೊಡಗಿದಾಗ ಈ ದಾಳಿಂಬೆಯನ್ನು ನಾವು ಹೊರಗಿಟ್ಟೆವು. ಬಡತನ, ತಲಾಖ್, ಕೋಮುಗಲಭೆ ಇವು ಸಾಹಿತ್ಯದ ವಸ್ತು, ಮಾಯಾಮರಗಳು ಮುದುಕಿಯರ ಮಾತು ಎಂದು ತಿಳಿದಿದ್ದೆವು. ಇದು ತಪ್ಪು ತಿಳಿವಳಿಕೆಯೆಂದು ಮನವರಿಕೆಯಾದದ್ದು ಬಿಜಾಪುರದ ಇತಿಹಾಸವನ್ನು ಓದತೊಡಗಿದ ಮೇಲೆ.

ಆದಿಲಶಾಹಿಗಳು 1490ರಿಂದ 1686ರವರೆಗೆ ಬಿಜಾಪುರವನ್ನಾಳಿದರು. ಎರಡನೆಯ ಅಲಿ ಆದಿಲಶಾಹನ ಆಸ್ಥಾನದಲ್ಲಿದ್ದ ಕವಿ ನುಸ್ರತಿ 1657ರ ಸುಮಾರಿಗೆ 'ಗುಲ್ಶನೆ ಇಶ್ಕ್' ಎಂಬ ದಖ್ಖನಿ ಮಸ್ನವಿ ಬರೆದ. ಹೆಸರೇ ಹೇಳುವಂತೆ ಇದು ಪ್ರೇಮದ ಹೂದೋಟ. ಮಕ್ಕಳಿಲ್ಲದ ರಾಜನ ಮನೆಯ ಭಿಕ್ಷೆ ತನಗೆ ಬೇಡವೆಂದು ಫಕೀರನೊಬ್ಬ ಹೊರಟುಹೋಗುತ್ತಾನೆ. ರಾಜ ಅರಮನೆ ಬಿಟ್ಟು ಅವನನ್ನು ಹುಡುಕುತ್ತ ಹೋಗುತ್ತಾನೆ. ಕೊನೆಗೆ ಫಕೀರ ಕೊಟ್ಟ ಹಣ್ಣನ್ನು ತಿಂದ ರಾಣಿಗೆ ಮನೋಹರ ಹುಟ್ಟುತ್ತಾನೆ. ಈ ಕಥೆಗೆ ಮೂಲ ಉತ್ತರದ ಸೂಫಿ ಕವಿ ಮಂಝನ್ 1545ರಲ್ಲಿ ಬರೆದ 'ಮಧುಮಾಲತಿ'. ಅದರಲ್ಲಿ ರಾಕ್ಷಸನ ತಲೆ ಕಡಿದರೂ ಅವನು ಸಾಯುವುದಿಲ್ಲ, ಅವನ ಜೀವವಿರುವುದು ಮರವೊಂದರಲ್ಲಿ. ಇದನ್ನು ಓದಿದಾಗ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಅಕ್ಷರ ಬಾರದ ನಮ್ಮ ನಾನಿಯ ದಾಳಿಂಬೆ ಮತ್ತು ಆ ಮರ ಒಂದೇ ಬೀಜದವು.

ಕವಿಗಳಷ್ಟೇ ಅಲ್ಲ, ಚಿತ್ರಕಾರರೂ ಇಂಥ ಗಿಡಗಳನ್ನು ಬೆಳೆಸಿದರು. ಎರಡನೆಯ ಇಬ್ರಾಹಿಂ ಆದಿಲಶಾಹ (1580-1627) ಸಂಗೀತಪ್ರಿಯ, 'ಕಿತಾಬೆ ನೌರಸ್' ಬರೆದವನು, ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿದವನು. ಅವನ ಕಾಲದ ಒಂದು ಬಿಜಾಪುರ ಚಿತ್ರದಲ್ಲಿ ಯೋಗಿನಿಯೊಬ್ಬಳು ಮೈನಾ ಹಕ್ಕಿಯನ್ನು ಹಿಡಿದು ನಿಂತಿದ್ದಾಳೆ. ಅವಳ ಪಕ್ಕದಲ್ಲಿ ಅವಳ ಎತ್ತರಕ್ಕೇ ಸಮನಾಗಿ ಹೂವಿನ ಗಿಡಗಳು ಎದ್ದಿವೆ. ದೂರದ ಅರಮನೆ ಆ ಹೂಗಳ ಮುಂದೆ ಆಟಿಕೆಯಂತೆ ಕಾಣುತ್ತದೆ. ಅಂಥ ಗಿಡ ಯಾವ ತೋಟದಲ್ಲೂ ಇರಲಿಲ್ಲ. ಅರಮನೆಯನ್ನು ಕಿರಿದು ಮಾಡಿ ಹೂವನ್ನು ಹಿರಿದು ಮಾಡಿದ ಆ ಕಲಾವಿದನ ಲೋಕವೇ ಬೇರೆ.

ಇಲ್ಲದ ಗಿಡವನ್ನು ಸೃಷ್ಟಿಸುವುದಕ್ಕೂ ಒಂದು ಪದ್ಧತಿ ಇದೆಯೆಂದು ನಮಗೆ ತೋರುತ್ತದೆ. ಒಂದು, ಆ ಚಿತ್ರದಲ್ಲಿರುವಂತೆ ಕಂಡ ಗಿಡದ ಅಳತೆಯನ್ನು ಬದಲಿಸುವುದು. ಎರಡು, ಬೇರೆ ಬೇರೆ ಜೀವಗಳನ್ನು ಬೆರೆಸುವುದು. 1283ರಲ್ಲಿ ತೀರಿಕೊಂಡ ಝಕರಿಯಾ ಅಲ್ ಕಝ್ವೀನಿ ಅದ್ಭುತಗಳ ಗ್ರಂಥವನ್ನೇ ಬರೆದಿದ್ದ. ಅರಬರ ಇಂಥ ಅದ್ಭುತ ಕಥನಗಳಲ್ಲಿ ಬರುವ ವಾಕ್‌ವಾಕ್ ಮರದಲ್ಲಿ ಹೆಂಗಸರ ರೂಪದ ಹಣ್ಣುಗಳು ತೂಗುತ್ತವೆ, ಕೂಗುತ್ತವೆ. ಮೂರು, ಗಿಡಕ್ಕೂ ಮನುಷ್ಯನ ಜೀವಕ್ಕೂ ಗಂಟು ಹಾಕುವುದು. ಫಕೀರನ ಹಣ್ಣು ಜೀವ ಕೊಡುತ್ತದೆ, ರಾಕ್ಷಸನ ಮರ ಜೀವ ಕಾಯುತ್ತದೆ. ಕಲ್ಪವೃಕ್ಷ, ಪಾರಿಜಾತ, ಸಂಜೀವಿನಿಗಳನ್ನು ಬಲ್ಲ ಕನ್ನಡಿಗರಿಗೆ ಇದೇನೂ ಹೊಸದಲ್ಲ. ಬಸವಣ್ಣನ ಜನ್ಮಸ್ಥಳವೆಂದು ಹೆಸರಾದ ಬಾಗೇವಾಡಿಯ ಸೀಮೆಯವರಿಗೆ ಬೆಡಗಿನ ವಚನಗಳ ತಲೆಕೆಳಗಾದ ಲೋಕವೂ ಪರಿಚಿತವೇ.

ಆದರೆ ಆ ಕಾಲದ ಬಿಜಾಪುರದಲ್ಲಿ ಮಾಯಾಗಿಡಗಳು ಇಷ್ಟೊಂದು ಹುಲುಸಾಗಿ ಬೆಳೆದುದಕ್ಕೆ ಇನ್ನೊಂದು ಕಾರಣವನ್ನೂ ಊಹಿಸಬಹುದು. ನಿಜವಾದ ವಿಚಿತ್ರ ಗಿಡಗಳು ಆಗಲೇ ಬರತೊಡಗಿದ್ದವು. 1510ರಲ್ಲಿ ಪೋರ್ಚುಗೀಸರು ಆದಿಲಶಾಹಿಗಳಿಂದ ಗೋವಾವನ್ನು ಕಿತ್ತುಕೊಂಡರು. ಮೆಣಸಿನಕಾಯಿ, ಗೇರು, ಅನಾನಸ್, ತಂಬಾಕುಗಳು ಅಮೆರಿಕದಿಂದ ಅವರ ಹಡಗುಗಳಲ್ಲಿ ಬಂದವು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ತಂಬಾಕನ್ನು ಕಂಡದ್ದು ಬಿಜಾಪುರದಲ್ಲಿಯೇ. ಅವನು ಅದನ್ನು ಬಾದಶಹನ ಮುಂದಿಟ್ಟಾಗ, ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಹೆಸರಿಲ್ಲವೆಂದು ಹಕೀಮ ತಡೆದ. ಲೋಕದ ಪ್ರತಿ ರೂಢಿಯೂ ಒಮ್ಮೆ ಹೊಸದೇ ಆಗಿತ್ತು ಎಂಬುದು ಅಸದ್ ಬೇಗನ ವಾದ. ಇತ್ತ ಬಿಜಾಪುರದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಭಾರತೀಯ ವೈದ್ಯವನ್ನು ಕುರಿತು ಪರ್ಷಿಯನ್ನಿನಲ್ಲಿ 'ದಸ್ತೂರುಲ್ ಅತಿಬ್ಬಾ' ಎಂಬ ಗ್ರಂಥ ಬರೆದ. ಇಂದು ಮೆಣಸಿನಕಾಯಿಯಿಲ್ಲದ ರೊಟ್ಟಿ ಊಟವನ್ನು ಈ ನಾಲ್ಕು ತಾಲೂಕುಗಳಲ್ಲಿ ಯಾರೂ ಊಹಿಸಲಾರರು. ಅಂದು ಅದೂ ವಿಚಿತ್ರ ಗಿಡವೇ.

ಗೋರಖ ಹುಣಸೆಯ ಕಥೆಯೂ ಹೀಗೆಯೇ. ಆನೆಯ ಮೈಯಂಥ ಕಾಂಡ, ಎಲೆಯುದುರಿದಾಗ ಬೇರು ಮೇಲಾದಂತೆ ಕಾಣುವ ಕೊಂಬೆಗಳು. ಆಫ್ರಿಕ ಮೂಲದ ಈ ಮರದ ಹಳೆಯ ಗಿಡಗಳು ವಿಜಯಪುರದಲ್ಲಿವೆ, ಸವಣೂರಿನ ದೊಡ್ಡಹುಣಸೆ ಮಠದಲ್ಲಿಯೂ ಇವೆ. ಆಫ್ರಿಕದಿಂದ ಬಂದ ಹಬ್ಶಿಗಳು ಬಿಜಾಪುರದಲ್ಲಿ ದೊಡ್ಡ ಸರದಾರರಾಗಿದ್ದರು. ಮುಹಮ್ಮದ್ ಆದಿಲಶಾಹನ ಕಾಲದ ಇಖ್ಲಾಸ್ ಖಾನ್ ಅಂಥವರಲ್ಲೊಬ್ಬ. ದೂರದೇಶದ ಮರಕ್ಕೆ ಜನ ಗೋರಖನಾಥನ ಹೆಸರಿಟ್ಟು, ಊರಿನ ಹುಣಸೆಯ ನಂಟು ಕಟ್ಟಿ ತಮ್ಮದಾಗಿಸಿಕೊಂಡರು.

ನಮ್ಮ ಊರುಗಳ ಹೆಸರುಗಳಲ್ಲಿಯೂ ಇಂಥ ಕಥೆಗಳ ವಾಸನೆಯಿದೆ. 1565ರ ಮಹಾಯುದ್ಧದೊಡನೆ ಸೇರಿಕೊಂಡ ರಕ್ಕಸಗಿ ಮತ್ತು ತಂಗಡಗಿಗಳು ಮುದ್ದೇಬಿಹಾಳದ ಹಳ್ಳಿಗಳು. ಒಂದು ಹೆಸರಿನಲ್ಲಿ ರಕ್ಕಸ ಕೇಳಿಸುತ್ತಾನೆ, ಇನ್ನೊಂದರಲ್ಲಿ ಹಳದಿ ಹೂವಿನ ತಂಗಡಿ ಗಿಡ. ಬಾಗೇವಾಡಿಯ ಕಡೆ ಹೂವಿನ ಹಿಪ್ಪರಗಿ ಇದೆ. ಇದು ಭಾಷಾಶಾಸ್ತ್ರವಲ್ಲ, ಕಿವಿಯ ಸುಖ. ಆದರೆ ಮಕ್ಕಳ ಕಥೆಗೆ ಕಿವಿಯ ಸುಖ ಸಾಕು.

ಈಗ ಈ ತೋಟ ಯಾರ ಕೈಯಲ್ಲಿದೆ? ಯೋಗಿನಿಯ ಚಿತ್ರ ಐರ್ಲೆಂಡಿನ ಡಬ್ಲಿನ್‌ನಲ್ಲಿದೆ. 'ಗುಲ್ಶನೆ ಇಶ್ಕ್'ನ 1743ರ ಚಿತ್ರಸಹಿತ ಪ್ರತಿ ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. ಅವು ಅಲ್ಲಿ ಭದ್ರವಾಗಿವೆ, ನಮ್ಮ ದೂರಿಲ್ಲ. ನಮ್ಮ ಆತಂಕ ಮನೆಯ ಪ್ರತಿಯ ಬಗ್ಗೆ. ನುಸ್ರತಿಯ ಲಿಪಿ ಕನ್ನಡದ ಓದುಗರಿಗೆ ಬಾರದು. ದಖ್ಖನಿ ಮಾತನಾಡುವ ನಮ್ಮ ಎಷ್ಟೋ ಮಕ್ಕಳಿಗೂ ಅದು ಬಾರದು. ಶುದ್ಧ ಉರ್ದು ಕಲಿಸುವ ಭರದಲ್ಲಿ ನಾನಿಯ ದಖ್ಖನಿಯನ್ನು ನಾವೇ ತಪ್ಪು ಭಾಷೆಯೆಂದು ನಕ್ಕಿದ್ದೇವೆ. ಆದಿಲಶಾಹಿಯೆಂದರೆ ಕತ್ತಿ ಮತ್ತು ಗುಮ್ಮಟ ಮಾತ್ರವೆಂದು ಹೇಳುವವರಿಗೆ ಉತ್ತರ ಕೊಡಬೇಕಾದ ಹೂದೋಟ ಹೀಗೆ ನಮ್ಮ ಕೈಯಿಂದಲೇ ಒಣಗುತ್ತಿದೆ.

ನಾನಿ ಇನ್ನೊಂದು ಮರದ ಕಥೆಯನ್ನೂ ಹೇಳುತ್ತಿದ್ದರು. ಬೇರು ಕಡಿದರೆ ನೀರು ಹರಿಯುವ ಜಾಲಿ ಅದು. ಒಂದೇ ಷರತ್ತು, ನೆರೆಮನೆಯವರ ಕೊಡ ತುಂಬುವವರೆಗೆ ತನ್ನ ಕೊಡ ಇಡಬಾರದು. ಅವರು ಈ ಕಥೆಯನ್ನು ಕಟ್ಟಿದ್ದು 1972ರ ಬರದಲ್ಲಿ ಎಂದು ಅಮ್ಮ ಬಹಳ ತಡವಾಗಿ ಹೇಳಿದರು. ಮಕ್ಕಳಿಗೆ ಕೊಡಲು ಮನೆಯಲ್ಲಿ ನೀರೂ ಸಾಲದಿದ್ದ ರಾತ್ರಿಗಳವು. ಸಾಹಿತ್ಯಕ್ಕೆ ತಕ್ಕ ವಸ್ತುವಲ್ಲವೆಂದು ನಾವು ಹೊರಗಿಟ್ಟಿದ್ದು ಇದನ್ನು! ಬರದ ಬಗ್ಗೆ ನಾವು ಬರೆದ ಯಾವ ಕಥೆಯಲ್ಲಿಯೂ ಆ ಷರತ್ತಿನಷ್ಟು ಸತ್ಯ ಬಂದಿಲ್ಲ.

ಆ ಕಥೆಯ ನಡುಭಾಗ ನಮಗೆ ಮರೆತುಹೋಗಿದೆ. ಕೇಳಿ ಬರೆದುಕೊಳ್ಳೋಣವೆಂದರೆ ನಾನಿ ಈಗಿಲ್ಲ. ಓದುಗರ ಮನೆಗಳಲ್ಲಿ ಇನ್ನೂ ದಾದಿ, ನಾನಿ, ಆಯಿ, ಅಮ್ಮಂದಿರಿದ್ದಾರೆ. ಟ್ಯಾಂಕರಿನ ನೀರು ಹೊಯ್ದು ನಿಂಬೆಗಿಡ ಉಳಿಸಿಕೊಳ್ಳುವ ಜನ ನಾವು. ಇಂದು ರಾತ್ರಿ ಅವರ ಬಳಿ ಕುಳಿತು ಒಂದು ಮರವನ್ನಾದರೂ ಕೇಳಿ, ಯಾವ ಲಿಪಿಯಲ್ಲಾದರೂ ಸರಿ, ಬರೆದಿಟ್ಟುಕೊಳ್ಳೋಣ.