ಮಳಖೇಡದಿಂದ ಮೀಟರಿನವರೆಗೆ

ಪಠ್ಯಪುಸ್ತಕದ ಕೊನೆಯಲ್ಲಿರುವ ಮಾನಗಳ ಕೋಷ್ಟಕವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದರಿಂದ ಪ್ರಶ್ನೆ ಬರುವುದಿಲ್ಲವಲ್ಲ! ಆದರೆ ಅಂಥ ಕೋಷ್ಟಕಕ್ಕೂ ಕಲಬುರಗಿ ಜಿಲ್ಲೆಗೂ ಸಾವಿರ ವರ್ಷಗಳಿಗೆ ಮೀರಿದ ನಂಟಿದೆ.

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಲೆಕ್ಕಗಳಿಗೆ ಮೊದಲೇ ಅವನು ಉದ್ದ, ಕಾಲ, ಧಾನ್ಯ, ಚಿನ್ನ, ಬೆಳ್ಳಿಗಳ ಮಾನಗಳನ್ನು ಕೊಡುತ್ತಾನೆ. 6 ಅಂಗುಲಕ್ಕೆ 1 ಪಾದ, 2 ಪಾದಕ್ಕೆ 1 ವಿತಸ್ತಿ (ಗೇಣು), 2 ವಿತಸ್ತಿಗೆ 1 ಹಸ್ತ (ಮೊಳ), 4 ಹಸ್ತಕ್ಕೆ 1 ದಂಡ, 2000 ದಂಡಕ್ಕೆ 1 ಕ್ರೋಶ. ವ್ಯವಹಾರದ ಅಂಗುಲ ಬೇರೆ, ಆಯಾ ಕಾಲದ ಮನುಷ್ಯರ ಬೆರಳಿನ ಅಂಗುಲ ಬೇರೆ ಎಂದೂ ಅವನು ವಿಂಗಡಿಸುತ್ತಾನೆ. ಅಳೆಯುವವನ ಬೆರಳೇ ಮಾನವಾಗಬಾರದು ಎಂಬ ಆಲೋಚನೆಯ ಬೀಜವನ್ನು ಇಲ್ಲಿ ಕಾಣಬಹುದು.

ಕೋಷ್ಟಕ ಇದ್ದರಷ್ಟೇ ಸಾಲದು, ಎಲ್ಲರೂ ಒಂದನ್ನೇ ಒಪ್ಪಬೇಕು. 1871ರಲ್ಲಿ ಮುಂಬಯಿ ಕಡೆಯ ರೈಲುಮಾರ್ಗ ಶಹಾಬಾದ, ವಾಡಿಗಳ ಮೂಲಕ ರಾಯಚೂರು ತಲುಪಿ ಮದರಾಸಿನ ಮಾರ್ಗವನ್ನು ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದಿಗೆ ಮಾರ್ಗವಾಯಿತು. ಈ ಹಳಿಗಳ ಅಂತರವೆಲ್ಲ ಒಂದೇ: 5 ಅಡಿ 6 ಅಂಗುಲ, ಅಂದರೆ 1676 ಮಿಲಿಮೀಟರ್. ಆದರೆ ಅವುಗಳ ಮೇಲೆ ಸಾಗಿದ ಸರಕಿನ 'ಮಣ' ಒಂದೇ ಆಗಿರಲಿಲ್ಲ. ಮುಂಬಯಿ ಮಣ 28 ಪೌಂಡು (12.7 ಕಿ.ಗ್ರಾಂ), ಮದರಾಸು ಮಣ 25 ಪೌಂಡು (11.3 ಕಿ.ಗ್ರಾಂ), 40 ಸೇರಿನ ಸರ್ಕಾರಿ ಮಣ 37.3 ಕಿ.ಗ್ರಾಂ. ಹಣವೂ ಹಾಗೆಯೇ. ನಿಜಾಮರ 7 ಹಾಲಿ ಸಿಕ್ಕಾ ರೂಪಾಯಿಗಳು 6 ಬ್ರಿಟಿಷ್ ರೂಪಾಯಿಗಳಿಗೆ ಸಮ.

ಇಂಥ ಕಡೆ ನಷ್ಟ ಯಾರಿಗೆ? ಪರಿವರ್ತನೆಯ ಲೆಕ್ಕ ತಿಳಿದವನಿಗಲ್ಲ. ಚಿಂಚೋಳಿಯ ತೊಗರಿ ಬೆಳೆಗಾರನಂತೆ ಇನ್ನೊಬ್ಬರ ತಕ್ಕಡಿಯನ್ನು ನಂಬಬೇಕಾದವನಿಗೆ.

1956ರ ನವೆಂಬರ್ 1ರಂದು ಈ ಪ್ರದೇಶ ಮೈಸೂರು ರಾಜ್ಯವನ್ನು ಸೇರಿತು. ಅದೇ ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ ಬಂದಿತು. 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ತೂಕ. ಆಗ ಪರಿವರ್ತನಾ ಕೋಷ್ಟಕವೇ ಜನರ ರಕ್ಷಣೆಯಾಯಿತು. 1 ಆಣೆಗೆ 6.25 ನಯಾ ಪೈಸೆ. ಅದನ್ನು 6 ಎಂದು ಹಿಡಿದು 16ರಿಂದ ಗುಣಿಸಿದರೆ ರೂಪಾಯಿಗೆ 96 ಪೈಸೆಯೇ! ಆದ್ದರಿಂದ 3 ಆಣೆಗೆ 19, 4 ಆಣೆಗೆ 25 ಎಂದು ಕೋಷ್ಟಕದಲ್ಲಿ ನಿಗದಿಯಾಗಿತ್ತು. ಶಹಾಬಾದದ ಸಿಮೆಂಟನ್ನೇ ಉದಾಹರಣೆಯಾಗಿ ನೋಡೋಣ. ಹಳೆಯ ಟನ್ನು 1016 ಕಿ.ಗ್ರಾಂ, ಮೆಟ್ರಿಕ್ ಟನ್ನು 1000. ಹೆಸರು ಒಂದೇ, ವ್ಯತ್ಯಾಸ 16 ಕಿ.ಗ್ರಾಂ.

ಇಂದು ಅಂತರರಾಷ್ಟ್ರೀಯ ಮಾನಗಳ ಅಧಿಕೃತ ಕೈಪಿಡಿಯನ್ನು ಪ್ಯಾರಿಸ್ ಬಳಿಯ ತೂಕ-ಅಳತೆಗಳ ಅಂತರರಾಷ್ಟ್ರೀಯ ಬ್ಯೂರೋ ಉಚಿತವಾಗಿ ನೀಡುತ್ತದೆ. 2019ರ ಮೇ 20ರಿಂದ ಕಿಲೋಗ್ರಾಂ ಲೋಹದ ತುಂಡನ್ನು ಅವಲಂಬಿಸಿಲ್ಲ; ಪ್ಲಾಂಕ್ ಸ್ಥಿರಾಂಕವನ್ನು ಆಧರಿಸಿದೆ. ದೇಶಗಳಿಗೆ, ಭಾಷೆಗಳಿಗೆ ಅಂತರರಾಷ್ಟ್ರೀಯ ಸಂಕೇತಗಳಿರುವುದೂ ಇದೇ ಉದ್ದೇಶದಿಂದ: ಭಾರತಕ್ಕೆ 'ಐಎನ್', ಕನ್ನಡಕ್ಕೆ 'ಕೆಎನ್'.

ಶಹಾಬಾದ ಕಲ್ಲನ್ನು ಈಗಲೂ ಚದರ ಅಡಿಯ ಲೆಕ್ಕದಲ್ಲಿ ಮಾರುವುದುಂಟು. 1 ಅಡಿ ನಿಖರವಾಗಿ 0.3048 ಮೀಟರ್. ತರಗತಿಯ ನೆಲವನ್ನು ಎರಡೂ ಮಾನಗಳಲ್ಲಿ ವಿದ್ಯಾರ್ಥಿಗಳಿಂದಲೇ ಅಳೆಸಿ, ಉತ್ತರಗಳನ್ನು ತಾಳೆ ನೋಡಿಸಬಹುದು. ಮಾನಗಳ ಕೋಷ್ಟಕ ಕೈಗೆಟುಕುವಂತಿದ್ದರೆ ತಕ್ಕಡಿಯನ್ನು ಯಾರು ಬೇಕಾದರೂ ಪ್ರಶ್ನಿಸಬಹುದು.