ಟಾಕಿಂಗ್ ಬುಕ್

ಅಮೆರಿಕದ ಗಾಯಕ, ಸಂಗೀತ ಸಂಯೋಜಕ ಸ್ಟೀವಿ ವಂಡರ್ ಅವರ ಆಲ್ಬಂ. ಮೋಟೌನ್ ಸಂಸ್ಥೆಯ ಟ್ಯಾಮ್ಲಾ ಲೇಬಲ್ 1972ರ ಅಕ್ಟೋಬರ್‌ನಲ್ಲಿ ಇದನ್ನು ಹೊರತಂದಿತು. ಫಂಕ್, ಸೋಲ್, ರಿದಮ್ ಅಂಡ್ ಬ್ಲೂಸ್ ಶೈಲಿಗಳು ಇದರಲ್ಲಿ ಬೆರೆತಿವೆ. ಸಿಂಥಸೈಜರ್ ನಾದಗಳನ್ನು ರೂಪಿಸಲು ಮಾಲ್ಕಂ ಸೆಸಿಲ್ ಮತ್ತು ರಾಬರ್ಟ್ ಮಾರ್ಗೊಲೆಫ್ ನೆರವಾದರು. ವಂಡರ್ ಶೈಶವದಿಂದಲೂ ಅಂಧರು. ಆಲ್ಬಂನ ಮೊದಲ ಮುದ್ರಣಗಳ ಹೊದಿಕೆಯ ಮೇಲೆ ಅಂಧರು ಮುಟ್ಟಿ ಓದುವ ಬ್ರೈಲ್ ಬರಹವಿತ್ತು.

ಆಲ್ಬಂನ ಪ್ರಸಿದ್ಧ ಗೀತೆ ‘ಸೂಪರ್‌ಸ್ಟಿಷನ್’ ಮೂಢನಂಬಿಕೆಗಳನ್ನು ಕುರಿತದ್ದು. ಬರೀ ಡ್ರಮ್ಸ್‌ನಿಂದ ಆರಂಭವಾಗುವ ಹಾಡಿಗೆ, ತಂತಿ ಮೀಟಿದಂತೆ ಚುರುಕಾಗಿ ನುಡಿಯುವ ಕ್ಲಾವಿನೆಟ್ ಎಂಬ ಕೀಬೋರ್ಡ್ ವಾದ್ಯ ಬಂದು ಸೇರುತ್ತದೆ. ಡ್ರಮ್ಸ್, ಕ್ಲಾವಿನೆಟ್, ಮೂಗ್ ಸಿಂಥಸೈಜರ್ ಬಾಸ್ ಮೂರನ್ನೂ ನುಡಿಸಿದವರು ವಂಡರ್ ಅವರೇ. ಟ್ರಂಪೆಟ್ ಸ್ಟೀವ್ ಮಡಾಯೊ ಅವರದು, ಸ್ಯಾಕ್ಸೊಫೋನ್ ಟ್ರೆವರ್ ಲಾರೆನ್ಸ್ ಅವರದು. 1973ರ ಜನವರಿಯಲ್ಲಿ ಗೀತೆ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಅಗ್ರಸ್ಥಾನಕ್ಕೇರಿತು. ಮುಂದೆ ಇದಕ್ಕೆ 2 ಗ್ರ್ಯಾಮಿ ಪ್ರಶಸ್ತಿಗಳು ಸಂದವು.